ಹೊಗೆಬಂಡಿಯ ಉಸಿರು

ಓಣಿಯವರು ಅವಳಿಗಿಟ್ಟ ಅಡ್ಡಹೆಸರು ಹೊಗೆಬಂಡಿ. ಇಸ್ತ್ರಿ ಅಂಗಡಿಯ ಒಳಕೋಣೆಯಲ್ಲಿ ಸಿಗರೇಟು ಕಚ್ಚಿಕೊಂಡೇ ಇದ್ದಿಲ ಇಸ್ತ್ರಿಪೆಟ್ಟಿಗೆ ಎಳೆಯುತ್ತ, ಗಿರಾಕಿಯ ಅಂಗಿಯ ಮೇಲೆ ಒಂದು ಚೂರು ಬೂದಿಯೂ ಬೀಳದ ಹಾಗೆ ಕೆಲಸ ಮುಗಿಸುತ್ತಿದ್ದ ಗಟ್ಟಿಗಿತ್ತಿ. ಆ ಹೆಸರಿಗೆ ಅವಳೂ ನಗುತ್ತಿದ್ದಳು. ಮೊದಲ ಮಗು ಅಳದೆ ಹುಟ್ಟಿದ ಮೇಲೆ ನಗು ನಿಂತುಹೋಯಿತು.

ಹೊಗೆ ಕುಡಿಸಿ ಕೊಂದಳು ಎಂದು ಅತ್ತೆ ಆಡಿದ ಮಾತು ಅವಳೊಳಗೆ ಕೂತೇಬಿಟ್ಟಿತು. ನೀರು ಚಿಮುಕಿಸಿದ ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟರೆ ಸುಯ್ ಎನ್ನುತ್ತದಲ್ಲ, ಅದರಲ್ಲಿ ಅವಳಿಗೆ ಯಾರೋ ಉಸಿರಿಗೆ ಒದ್ದಾಡುವುದು ಕೇಳಿಸುತ್ತಿತ್ತು. ಮಡಚಿಟ್ಟ ಬಟ್ಟೆಗಳ ಹಿಂದೆ ಇಣುಕುತ್ತಿದ್ದಳು. ಯಾರೂ ಇಲ್ಲವೆಂದು ಗೊತ್ತಿದ್ದೂ ಇಣುಕುತ್ತಿದ್ದಳು.

ಮತ್ತೆ ಬಸುರಿಯಾದಾಗ ಆಸ್ಪತ್ರೆಯಲ್ಲಿ ಹೊಸ ಏರ್ಪಾಟು ಬಂದಿತ್ತು. ಸಿಗರೇಟು ಬಿಟ್ಟ ಬಸುರಿಯರು ಆಗಾಗ ಬಂದು ಪುಟ್ಟ ಯಂತ್ರವೊಂದಕ್ಕೆ ಊದಬೇಕು. ಉಸಿರಲ್ಲಿ ಹೊಗೆಯ ವಿಷ ಇಲ್ಲದಿದ್ದರೆ ಹಸಿರು ದೀಪ, ದಿನಸಿ ಕೊಳ್ಳಲು ಕೂಪನ್. ಸೇದದೆ ಕೂತದ್ದಕ್ಕೂ ಕೂಲಿಯೇ ಎಂದು ಓಣಿ ನಕ್ಕಿತು. ಅವಳ ಆಸೆ ಕೂಪನ್ನಿಗಿಂತ ದೀಪದ ಮೇಲಿತ್ತು. ಈ ಮಗುವಿಗೆ ತಾನು ಕೆಡುಕು ಮಾಡಿಲ್ಲ ಎಂದು ಅದೊಂದಾದರೂ ಹೇಳಬೇಕಿತ್ತು.

ಹಲ್ಲು ಕಚ್ಚಿ ಸಿಗರೇಟು ಬಿಟ್ಟಳು. ಆದರೆ ಊದಿದಾಗಲೆಲ್ಲ ಕೆಂಪು. ನರ್ಸಮ್ಮ ಬೈಯಲಿಲ್ಲ, ಸುಮ್ಮನೆ ನಿಟ್ಟುಸಿರಿಟ್ಟರು, ಬೈದಿದ್ದರೇ ವಾಸಿಯಿತ್ತು. ಪಕ್ಕದಲ್ಲೇ ನಿಂತು ಇಸ್ತ್ರಿ ಮಾಡುವ ಗಂಡ, ಜನ್ಮದಲ್ಲಿ ಸಿಗರೇಟು ಮುಟ್ಟದವನು, ಅವಳ ದಿಂಬು ತಡಕಿದ, ಬೆರಳು ಮೂಸಿದ. ಕೊನೆಗೆ ಅವಳಿಗೇ ತನ್ನ ಮೇಲೆ ಅನುಮಾನ ಹುಟ್ಟಿತು. ನಿದ್ದೆಯಲ್ಲಿ ಎದ್ದು ಸೇದುತ್ತಿದ್ದೇನೆಯೇ ಎಂದು ಹೆದರಿ, ಮಲಗುವಾಗ ಸೆರಗಿನಿಂದ ಕೈ ಕಟ್ಟಿಕೊಳ್ಳತೊಡಗಿದಳು.

ಒಂದು ದಿನ ಗಂಡ ಅಂಗಡಿಯಿಂದ ನೇರ ಅವಳ ಜೊತೆಗೇ ಆಸ್ಪತ್ರೆಗೆ ಬಂದ. ಮತ್ತೆ ಕೆಂಪು ಹತ್ತಿತು.

"ಕೊಡಿ ಇಲ್ಲಿ," ಎಂದ. "ಸೇದದವರ ಉಸಿರು ಹೇಗಿರುತ್ತೆ ಅಂತ ಇವಳೂ ನೋಡ್ಲಿ."

ಊದಿದ. ಕೆಂಪು. ಅಂಕಿ ಅವಳದಕ್ಕಿಂತ ಮೇಲೆ.

ನರ್ಸಮ್ಮ ಯಂತ್ರವನ್ನೊಮ್ಮೆ, ಇಬ್ಬರನ್ನೊಮ್ಮೆ ನೋಡಿ, ಕೆಲಸ ಎಲ್ಲಿ, ಯಾವುದರಲ್ಲಿ ಎಂದೆಲ್ಲ ವಿಚಾರಿಸಿದರು. ಉರಿಯುವ ಇದ್ದಿಲೂ ಅದೇ ವಿಷ ಕಾರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದರು. ಇನ್ನು ಆ ಕೋಣೆಗೆ ಅವಳು ಕಾಲಿಡಕೂಡದು ಎಂದರು. ಆಮೇಲೆ ಕೇಳಿದರು, "ಕಿಟಕಿ ಇಲ್ವಾ?"

"ಇತ್ತು. ಬಿಳಿ ಬಟ್ಟೆಗೆ ಧೂಳು ಕೂರುತ್ತೆ ಅಂತ ಮದುವೆಯಾದ ವರ್ಷ ನಾನೇ ಮೊಳೆ ಹೊಡೆದೆ," ಎಂದ ಗಂಡ. ಅವನ ದನಿ ಇಳಿದಿತ್ತು.

ಅವಳು ಕೇಳಿದ್ದು ಒಂದೇ. "ಹಾಗಾದ್ರೆ ನನ್ನ ಮೊದಲನೇದು?"

ಸಿಗರೇಟೋ, ಇದ್ದಿಲೋ, ಎರಡೂ ಅಲ್ಲವೋ, ಯಾರು ಹೇಳಬಲ್ಲರು? ನರ್ಸಮ್ಮ ಅವಳ ಕೈ ಹಿಡಿದುಕೊಂಡು ಕೂತರು.

ಅಂಗಡಿಗೆ ಬಂದವನೇ ಗಂಡ ಒಳಕೋಣೆಯ ಕಿಟಕಿಯ ಮೊಳೆಗಳನ್ನು ಕಿತ್ತ. ಅವಳು ಹೊಸ್ತಿಲಾಚೆಯೇ ನಿಂತಿದ್ದಳು. ಪೆಟ್ಟಿಗೆ ಆರಿ ತಣ್ಣಗಿತ್ತು, ನೀರು ಚಿಮುಕಿಸಿದವರಿಲ್ಲ. ಆದರೂ ಕೋಣೆಯಲ್ಲಿ ಸುಯ್ ಎಂದಿತು.

ಅವಳು ಅಲುಗಲಿಲ್ಲ. ಈ ಸಲ ಮಡಚಿಟ್ಟ ಬಟ್ಟೆಗಳ ಹಿಂದೆ ಇಣುಕಿದವನು ಗಂಡ.