ಮೂರನೆಯ ಇಂಜೆಕ್ಟರ್

ಮೇಸ್ತ್ರಿಗೆ ಪಾರ್ಶ್ವವಾಯು ಬಡಿದಾಗ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ನಾಲಿಗೆಯಲ್ಲಿ ಉಳಿದದ್ದು ಒಂದೇ ಪದ: "ಆಯ್ತು." ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು, ಬೇಡ ಅನ್ನುವುದಕ್ಕೂ ಆಯ್ತು. ಯಾವ ಆಯ್ತು ಯಾವುದಕ್ಕೆ ಎಂಬುದು ತಿಳಿಯುತ್ತಿದ್ದದ್ದು ಹೆಂಡತಿಗೆ ಮಾತ್ರ.

ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಇಪ್ಪತ್ತೆರಡು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದವಳು. ಬೀದಿಯವರಿಗೆಲ್ಲ ಟೈಲರಕ್ಕ. ಮೇಸ್ತ್ರಿ ದೊಡ್ಡ ಗ್ಯಾರೇಜೊಂದರಲ್ಲಿ ಡೀಸೆಲ್ ಎಂಜಿನ್ನಿನ ಕೆಲಸದಲ್ಲಿ ಕೈ ಪಳಗಿದವರು. ಗಾಡಿ ಗೇಟಿನೊಳಗೆ ಬರುವಾಗಲೇ ಸದ್ದು ಕೇಳಿ, ಬಾನೆಟ್ ಎತ್ತುವ ಮೊದಲೇ ರೋಗ ಹೇಳುತ್ತಿದ್ದರು.

ವಾರಕ್ಕೆರಡು ಸಲ ಅವರನ್ನು ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅದಕ್ಕಾಗಿಯೇ ಅವಳು ಐವತ್ತರ ಹತ್ತಿರದಲ್ಲಿ ಕಾರು ಕಲಿತಳು. ಕೆಲವು ವಾರಗಳಿಂದ ಆ ಹಳೆಯ ಕಾರಿನ ಒಳಗೆ ಸುಟ್ಟ ಹೊಗೆಯ ವಾಸನೆ ಬರತೊಡಗಿತ್ತು. ಎಂಜಿನ್ನಿನಿಂದ ಛುಸ್ ಛುಸ್ ಎಂದು ಉಸಿರು ಸೋರುವ ಸದ್ದು. ಮನೆ ಮುಟ್ಟುವಷ್ಟರಲ್ಲಿ ಇಬ್ಬರಿಗೂ ತಲೆ ಸಿಡಿಯುತ್ತಿತ್ತು.

ಬಾನೆಟ್ ಎತ್ತಿ ತೋರಿಸಿದಾಗ ಮೇಸ್ತ್ರಿಯ ಎಡಗೈ ಸೀದಾ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರುಗಳ ಕಡೆ ಹೋಯಿತು. ಬುಡದ ಸುತ್ತ ಟಾರಿನಂತೆ ಕಪ್ಪು ಮಸಿ ಕಟ್ಟಿತ್ತು. ಅಡಿಯ ತಾಮ್ರದ ವಾಷರ್ ಸವೆದು, ಉರಿದ ಗಾಳಿ ಮೇಲಕ್ಕೆ ನುಗ್ಗುತ್ತಿತ್ತು. ಗ್ಯಾರೇಜಿನವರು ತಾವೇ ಬಂದು ಮಾಡಿಕೊಡುತ್ತೇವೆ ಎಂದರು. ಆದರೆ ಮೇಸ್ತ್ರಿ ಕಾರಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು "ಆಯ್ತು! ಆಯ್ತು!" ಎಂದು ಕುರ್ಚಿ ಗುದ್ದಿದರು. ಆ ಕಾರಿಗೆ ಅವರಲ್ಲದೆ ಬೇರೆಯವರ ಕೈ ಬಿದ್ದದ್ದೇ ಇಲ್ಲ.

"ಸರಿ ಬಿಡಿ, ನಾನೇ ಮಾಡ್ತೀನಿ. ನೀವು ಹೇಳಿಕೊಡಿ," ಎಂದಳು ಹೆಂಡತಿ.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಹದಿನೈದು ದಿನದ ಹಿಂದೆ ಮೈದುನ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದ್ದ: "ಅತ್ತಿಗೆ, ಅಣ್ಣಂಗೆ ಮಾತು ಮಾತ್ರ ಹೋಗಿಲ್ಲ. ತಲೆಯೂ ಮೊದಲಿನ ಹಾಗಿಲ್ಲ. ನೀವು ಒಪ್ಕೊಳ್ತಿಲ್ಲ, ಅಷ್ಟೆ."

"ತಲೆ ಕೆಟ್ಟಿರೋದು ನಿಂಗೆ," ಎಂದು ಅವನನ್ನು ಹೊರಗಟ್ಟಿದ್ದಳು. ಆಮೇಲೆ ಅವನು ಇತ್ತ ಸುಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಬಾಗಿಲ ಹತ್ತಿರ ಮೇಸ್ತ್ರಿಯ ಕುರ್ಚಿ. ಅಂಗೈ ಕೆಳಗೆ ಮಾಡಿದರೆ ನಿಲ್ಲು, ಬೆರಳು ತಿರುಗಿಸಿದರೆ ಬಿಚ್ಚು, ಕುರ್ಚಿಯ ಕೈ ಎರಡು ಸಲ ತಟ್ಟಿದರೆ ಸರಿ. ಬ್ಯಾಟರಿ ತಂತಿ ಮೊದಲು ಬಿಡಿಸಿದ್ದಾಯಿತು. ಪೈಪಿನೊಳಗಿನ ಒತ್ತಡ ಇಳಿಯುವ ತನಕ ಮುಟ್ಟಬೇಡ ಎಂದು ಅಂಗೈ ಕೆಳಗೇ ಇತ್ತು. ಆಮೇಲೆ ಒಂದೊಂದೇ ಪೈಪು, ಒಂದೊಂದೇ ಬೋಲ್ಟು. ಬಿಚ್ಚಿದ ಬಾಯಿಗೆಲ್ಲ ಧೂಳು ಹೋಗದಂತೆ ಅವಳು ಶುಭ್ರವಾದ ಬಟ್ಟೆಯ ತುಂಡು ಕಟ್ಟಿದಳು. ಮೇಸ್ತ್ರಿ ನಕ್ಕರು. ನಾಲ್ಕು ತಿಂಗಳಲ್ಲಿ ಮೊದಲ ಸಲ.

"ನಗ್ತೀರಾ? ನನ್ನ ಮಷಿನ್ನಿಗೆ ಎರಡು ಹನಿ ಎಣ್ಣೆ ಬಿಡಿ ಅಂದ್ರೆ ಆರು ತಿಂಗಳು ಆಟ ಆಡಿಸ್ತಿದ್ರಿ. ಈಗ ನನ್ನ ಕೈಲೇ ಎಂಜಿನ್ ಬಿಚ್ಚಿಸ್ತಿದ್ದೀರಿ."

ಮೊದಲ ಎರಡು ಇಂಜೆಕ್ಟರು ಒದ್ದಾಡಿಸಿದರೂ ಕಡೆಗೆ ಬಂದವು; ತುದಿಗೆ ಅಂಟಿಕೊಂಡು ಹಳೆಯ ವಾಷರೂ ಬಂತು. ಮೂರನೆಯದು ಕಲ್ಲಿನಂತೆ ಕೂತಿತ್ತು. ಅರ್ಧ ಗಂಟೆ ಅತ್ತಿತ್ತ ಅಲುಗಾಡಿಸಿ ಎಳೆದಾಗ ಹೊರಬಂತು. ತುದಿ ಬರಿದಾಗಿತ್ತು.

"ರೀ, ಇದರಲ್ಲಿ ವಾಷರೇ ಇಲ್ವಲ್ಲ. ಒಳಗೇ ಉಳೀತಾ?"

ಮೇಸ್ತ್ರಿ ಇಂಜೆಕ್ಟರನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ತಟ್ಟೆಯಿಂದ ಹೊಸ ವಾಷರ್ ತೆಗೆದು ತುದಿಗೆ ಸೇರಿಸಿ ಕೈಗಿತ್ತರು. ಕುರ್ಚಿಯ ಕೈಯನ್ನು ಎರಡು ಸಲ ತಟ್ಟಿದರು. ಅವಳು ಮತ್ತೆ ಕೇಳಲಿಲ್ಲ. ಅವರು ಹೇಳಿದ ಮೇಲೆ ಮುಗಿಯಿತು.

ನಾಲ್ಕನೆಯದೂ ಮುಗಿದು, ರಬ್ಬರ್ ಬಳೆಗಳಿಗೆ ಎಣ್ಣೆ ಸವರಿ ಕೂರಿಸಿ, ಬಿಗಿತ ಅಳೆಯುವ ಸ್ಪ್ಯಾನರಿನಲ್ಲಿ ಬಿಗಿದು, ಕಾರು ಚಾಲೂ ಮಾಡಿದಾಗ ಮಧ್ಯಾಹ್ನ ತಿರುಗಿತ್ತು. ಎಂಜಿನ್ ಕೆಮ್ಮಿ ಹಿಡಿಯಿತು. ಅವಳು ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಛುಸ್ ಛುಸ್. ಮೊದಲಿಗಿಂತ ಜೋರಾಗಿ, ಮೂರನೆಯದರ ಬುಡದಿಂದ.

ಮೇಸ್ತ್ರಿಯ ಕಡೆ ನೋಡಿದಳು. ಅವರು ಕಣ್ಣರಳಿಸಿ ಕುರ್ಚಿ ತಟ್ಟುತ್ತಿದ್ದರು. ಸರಿ, ಸರಿ. ಗೇಟಿನಿಂದಲೇ ರೋಗ ಹೇಳುತ್ತಿದ್ದ ಆ ಕಿವಿಗೆ ಮಾರು ದೂರದ ಸದ್ದು ಕೇಳಿಸುತ್ತಿರಲಿಲ್ಲ. ಅವಳು ಎಂಜಿನ್ ಆರಿಸಿದಳು.

ಒಳಗೆ ಹೋಗಿ, ಗಂಡನ ಕೈಕೆಳಗೆ ಪಳಗಿ, ಈಗ ಡೀಸೆಲ್ ಪಂಪು ರಿಪೇರಿ ಮಾಡುತ್ತಿದ್ದ ಪಂಪಿನವನಿಗೆ ಫೋನು ಮಾಡಿದಳು. ಅವನು ಪೂರ್ತಿ ಕೇಳುವ ಮೊದಲೇ ಹೇಳಿದ:

"ಹಳೇದು ತಳದಲ್ಲೇ ಕಚ್ಕೊಂಡಿದೆ ಅಕ್ಕಾ. ಅದರ ಮೇಲೆ ಹೊಸದು ಕೂತಿದೆ. ಎಷ್ಟು ಬಿಗಿದ್ರೂ ಸೋರತ್ತೆ. ಕೊಕ್ಕೆ ಹಾಕಿ ತೆಗೀಬೇಕು. ಯಾರು ಹಾಕಿದ್ದು ಹಾಗೆ?"

"ನಾನೇ. ಗೊತ್ತಾಗಲಿಲ್ಲ," ಎಂದಳು.

"ಗುರುಗಳು ಪಕ್ಕದಲ್ಲಿ ಇರಲಿಲ್ವಾ? ಕೆಲಸಕ್ಕೆ ಸೇರಿದ ಮೊದಲನೇ ದಿನವೇ ನಮಗೆ ಅದನ್ನೇ ಹೇಳಿಕೊಡ್ತಿದ್ರು."

"ಮಲಗಿದ್ರು," ಎಂದು ಫೋನಿಟ್ಟಳು.

ಮರುದಿನ ಊಟವಾಗಿ ಮೇಸ್ತ್ರಿಗೆ ನಿದ್ದೆ ಹತ್ತುವುದನ್ನೇ ಕಾದಿದ್ದು, ಸದ್ದಾಗದಂತೆ ಶೆಡ್ಡಿಗೆ ಹೋದಳು. ಮೂರನೆಯದನ್ನು ಬಿಚ್ಚಿದಳು. ಟಾರ್ಚ್ ಹಿಡಿದು ಬಗ್ಗಿದರೆ ಅದು ಕೂತಿದ್ದ ಕುಳಿಯ ತಳದಲ್ಲಿ ಕರಿ ಹಿಡಿದ ಬಳೆಯೊಂದು ಕಂಡಿತು. ಗಟ್ಟಿ ತಂತಿಯ ತುದಿ ಬಗ್ಗಿಸಿ, ಅಂಚು ಹೊಲಿಯುವಷ್ಟೇ ತಾಳ್ಮೆಯಿಂದ ಅದರ ಒಳಬದಿಗೆ ಸಿಕ್ಕಿಸಿದಳು. ಮೂರು ಸಲ ಜಾರಿತು. ನಾಲ್ಕನೆಯ ಸಲ ಟಿಕ್ಕೆಂದು ಬಿಟ್ಟುಕೊಂಡು ಮೇಲೆ ಬಂತು.

ಹಿಂದೆ ಊರುಗೋಲಿನ ಸದ್ದು. ಬಾಗಿಲ ಚೌಕಟ್ಟಿಗೆ ಒರಗಿ ಮೇಸ್ತ್ರಿ ನಿಂತಿದ್ದರು. ಅವಳು ಮುಷ್ಟಿ ಮುಚ್ಚಿದಳು. ಅವರು ಚೌಕಟ್ಟಿಗೆ ಇನ್ನಷ್ಟು ಒರಗಿ, ಕೋಲು ಬಿಟ್ಟು, ಎಡಗೈ ಚಾಚಿದರು.

"ಏನಿಲ್ಲ ರೀ. ಹಳೇ ಸಾಮಾನು, ಕೆಳಗೆ ಬಿದ್ದಿತ್ತು."

ಚಾಚಿದ ಕೈ ಹಾಗೇ ಇತ್ತು. ಕೊಡದೆ ಗತಿಯಿರಲಿಲ್ಲ. ಅವರು ಆ ಕಪ್ಪು ವಾಷರನ್ನು ಹೆಬ್ಬೆರಳಿನಿಂದ ಉಜ್ಜಿದರು. ಬಿಚ್ಚಿಟ್ಟ ಇಂಜೆಕ್ಟರನ್ನು ನೋಡಿದರು, ಅದರ ತುದಿಯ ಹೊಸ ವಾಷರನ್ನು ನೋಡಿದರು. ಕೊನೆಗೆ ಅವಳ ಮುಖ ನೋಡಿದರು. ಎಲ್ಲ ಅರ್ಥವಾದದ್ದು ಆ ಕಣ್ಣಿನಲ್ಲಿ ಕಂಡಿತು. ಅರ್ಥವಾಗದೇ ಇದ್ದಿದ್ದರೆ ಸಾಕಿತ್ತು ಎಂದು ಅವಳಿಗೆ ಅನ್ನಿಸಿತು. ಅವರು ಕೂಗಾಡಲಿಲ್ಲ, ಅಳಲಿಲ್ಲ. ಅವಳು ರಟ್ಟೆ ಹಿಡಿದು ಕರೆದೊಯ್ದು ಮಲಗಿಸಿದಾಗ ಗೋಡೆಯ ಕಡೆ ತಿರುಗಿಕೊಂಡರು.

ಅವಳು ವಾಪಸು ಹೋಗಿ ಕುಳಿಯ ತಳ ಉಜ್ಜಿ, ಇನ್ನೊಂದು ಹೊಸ ವಾಷರ್ ಹಾಕಿ ಬಿಗಿದಳು. ಸದ್ದು ನಿಂತಿತು. ವಾಸನೆಯೂ ಹೋಯಿತು.

ಮೂರು ದಿನ ಮೇಸ್ತ್ರಿ ತುತ್ತು ಬಾಯಿಗೆ ತೆಗೆದುಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಮತ್ತೆ ತಲೆಯ ಸ್ಕ್ಯಾನ್ ತೆಗೆದರು. ಮೊದಲಿನ ಏಟಿನ ಪಕ್ಕದಲ್ಲೇ ಸಣ್ಣ ಸಣ್ಣವು ಇನ್ನೂ ನಾಲ್ಕು ಬಿದ್ದಿದ್ದವು. ಅವಳು ಮೈದುನನಿಗೆ ತಾನೇ ಫೋನು ಮಾಡಿ, "ನೀನು ಹೇಳಿದ್ದು ನಿಜ ಕಣಪ್ಪ, ಬಾ," ಎಂದಳು. ಅವನು ಬಂದು ಅಣ್ಣನ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಮೇಸ್ತ್ರಿ ಆಮೇಲೆ ಹನ್ನೊಂದು ತಿಂಗಳು ಬದುಕಿದರು. ಶೆಡ್ಡಿನ ಕಡೆ ಒಮ್ಮೆಯೂ ಹೋಗಲಿಲ್ಲ. ಕಾರಿನಲ್ಲಿ ಕೂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಮಣ್ಣು ಮಾಡಿ ಬಂದ ಮೇಲೆ ಪಂಪಿನವನು ಮನೆಗೆ ಬಂದ. ಅವನೊಬ್ಬನಿಗೆ ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಅವರು ಏಳೋದರೊಳಗೆ ಮುಗಿಸಬೇಕಿತ್ತು," ಎಂದಳು. "ತಂತಿ ಮೂರು ಸಲ ಜಾರಿತು ನೋಡು. ಇನ್ನೈದು ನಿಮಿಷ ಸಿಕ್ಕಿದ್ರೆ ಸಾಕಾಗ್ತಿತ್ತು."