ತಳ ಗುಡಿಸಿದ್ದು

ಲಾರಿ ಖಾಲಿಯಾದ ಮೇಲೆ ತಳದಲ್ಲಿ ಉಳಿದದ್ದು ಮಾಲು ಇಳಿಸುವ ಗ್ಯಾಂಗಿನವರದು. ಇದನ್ನು ಯಾರೂ ಕಾಗದದಲ್ಲಿ ಬರೆದಿಟ್ಟಿರಲಿಲ್ಲ. ಕಿತ್ತೂರಿನ ಆಚೆ ಹೈವೇ ಪಕ್ಕದಲ್ಲಿ ಬಾಯ್ಲರಿನ ಉರುವಲು ರಾಶಿ ಹಾಕುವ ಅಂಗಳಕ್ಕೆ ನಾನು ಲೋಡು ತರತೊಡಗಿದ ಮೊದಲ ದಿನದಿಂದಲೂ ಹಾಗೆಯೇ ನಡೆದಿತ್ತು. ಲೋಡು ಎಂದರೆ ಬಗ್ಯಾಸ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಹಿಂಡಿದ ಮೇಲೆ ಉಳಿಯುವ ಸಿಪ್ಪೆ. ಹನ್ನೊಂದು ಮಂದಿ ಮೂಗಿಗೆ ಟವೆಲ್ ಕಟ್ಟಿಕೊಂಡು ಲಾರಿ ಹತ್ತಿ ಸಲಿಕೆಯಿಂದ ಅದನ್ನು ಕೆಳಗೆ ತಳ್ಳುತ್ತಿದ್ದರು. ಕೊನೆಗೆ ಮೂಲೆಯಲ್ಲಿ, ಹಲಗೆಯ ಸಂದಿಯಲ್ಲಿ ಉಳಿದದ್ದನ್ನು ಕಸಬರಿಗೆಯಿಂದ ಗುಡಿಸಿ, ಚೀಲಕ್ಕೆ ತುಂಬಿ ಮನೆಗೆ ಒಯ್ಯುತ್ತಿದ್ದರು. ಅವರ ಮನೆಗಳ ನೀರೊಲೆ ಉರಿಯುತ್ತಿದ್ದುದು ಅದರಿಂದಲೇ. ಲಾರಿ, ಅಂಗಳ ಎರಡರ ಒಡೆಯರಾದ ಸಾವಕಾರರು ಕೇಳುತ್ತಿರಲಿಲ್ಲ, ಆಳುಗಳ ಮೇಲ್ವಿಚಾರಕ ಮುಕಾದಮನೂ ಕೇಳುತ್ತಿರಲಿಲ್ಲ. ರಾಶಿ ಮಾಡಿದವನಿಗೆ ಕಣದ ತಳದ ಕಾಳು ಬಿಟ್ಟ ಹಾಗೆ, ಅಷ್ಟೇ.

ಆ ಗ್ಯಾಂಗಿನ ಹಿರಿಯ ನನ್ನ ಸೋದರಮಾವ. ನನಗೆ ಹೆಣ್ಣು ಕೊಟ್ಟವನೂ ಅವನೇ. ಏಳನೇ ಇಯತ್ತೆಗೆ ನಾನು ಸಾಲಿ ಬಿಟ್ಟಾಗ ಲಾರಿ ಹತ್ತಿಸಿದವನು, ಲೋಡಿಗೆ ಹೊದಿಸುವ ತಾಡಪತ್ರಿ ಬಿಗಿಯುವ ಗಂಟು ಕಲಿಸಿದವನು. ಆ ಗಂಟು ಅವನದೇ ಒಂದು ನಮೂನೆ. ಎರಡು ಸುತ್ತು ಹಾಕಿ ತುದಿಯನ್ನು ಒಳಗಿನಿಂದ ತಿರುವಿ ಎಳೆದರೆ ಸವದತ್ತಿ ಗುಡ್ಡದ ಗಾಳಿಗೂ ಜಗ್ಗುವುದಿಲ್ಲ. ಬೇಕಾದಾಗ ಒಂದೇ ಬೆರಳಿಗೆ ಬಿಚ್ಚುತ್ತದೆ.

ಹೀಗಿರುವಾಗ ನಮ್ಮ ಸಾವಕಾರರು ಹೊಸ ಟ್ರೇಲರ್ ತಂದರು. ವಾಕಿಂಗ್ ಫ್ಲೋರ್ ಅಂದರು. ತಳವೇ ನಡೆದು ಮಾಲನ್ನು ಹೊರಗೆ ಹಾಕುತ್ತದೆ, ಸಲಿಕೆ ಬೇಡ, ಆಳು ಬೇಡ. “ಯಾರ ಕಲೀತೀರಿ?” ಎಂದು ಕೇಳಿದರೆ ಆರು ಮಂದಿ ಡ್ರೈವರುಗಳು ನೆಲ ನೋಡಿದರು. ಅವರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರೂ ಇದ್ದರು. ನಾನು ಮುಂದೆ ಬಂದೆ. ಆಳು ಬೇಡ ಎಂಬ ಮಾತು ಕಿವಿಗೆ ಬೀಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿದ್ದಿತ್ತು. ಆದರೆ ಅವರಿಗಾಗದ್ದು ನನಗಾಗುತ್ತದೆ ಎನ್ನುವುದು ಅದಕ್ಕಿಂತ ಜೋರಾಗಿ ಕೇಳಿಸಿತ್ತು.

ಬೈಲಹೊಂಗಲದಲ್ಲಿ ಮುಚ್ಚಿಹೋದ ಒಂದು ಹತ್ತಿ ಜಿನ್ನಿನ ಕಾರ್ಖಾನೆಯ ಅಂಗಳದಲ್ಲಿ ಹದಿನೈದು ದಿನ ಕಲಿತೆ. ಕಲಿಸಲು ಮಹಾರಾಷ್ಟ್ರದ ಕಡೆಯಿಂದ ಒಬ್ಬ ಮಿಸ್ತ್ರಿ ಬಂದಿದ್ದ. ಇಪ್ಪತ್ತು ವರ್ಷ ಲಾರಿ ಹೊಡೆದ ನನ್ನ ಕೈಯೇ ನನಗೆ ವೈರಿಯಾಯಿತು. ಹಿಂದಕ್ಕೆ ಹಾಕುವಾಗ ಲಾರಿಯ ಬಾಲ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ. ಟ್ರೇಲರಿನ ಬಾಲ ಬಲಕ್ಕೆ ಹೋಗಬೇಕಾದರೆ ಎಡಕ್ಕೆ. ಮೊದಲ ದಿನ ಗುರುತಿಗೆ ಇಟ್ಟ ಎರಡೂ ಡ್ರಮ್ ಉರುಳಿಸಿದೆ. ಮೂರನೇ ದಿನ ಜಿನ್ನಿನ ಗೋಡೆಯ ಮೂಲೆ ಕಿತ್ತೆ.

“ಡ್ರೈವರ್ ಸಾಹೇಬ್ರ, ಇಪ್ಪತ್ತು ವರ್ಷದ ಡ್ರೈವಿಂಗ ಗೇಟಿನ ಹೊರಗ ಬಿಟ್ಟು ಬರ್ರಿ,” ಅಂದ ಮಿಸ್ತ್ರಿ. “ಒಳಗ ಅದಕ್ಕ ಜಾಗಾ ಇಲ್ಲ.”

ನಾನು ಯಾರಿಂದಲೂ ಹಾಗೆ ಅನ್ನಿಸಿಕೊಂಡವನಲ್ಲ. ಮರುದಿನ ಅವನು ಚಹಾ ಕುಡಿದು ಬರುವುದರೊಳಗೆ ಟ್ರೇಲರನ್ನು ಎರಡು ಡ್ರಮ್ಮಿನ ನಡುವೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೀಲಿಕೈ ಅವನ ಕೈಗೆ ಕೊಟ್ಟೆ.

ತಳದ ವಿದ್ಯೆ ಬೇರೆ. ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿಗಳು, ಮೂರು ಗುಂಪು; ನಡೆಸುವುದು ಕೈಯಲ್ಲಿನ ರಿಮೋಟಿನಿಂದ. ಎಲ್ಲವೂ ಒಟ್ಟಿಗೆ ಹಿಂದಕ್ಕೆ ಸರಿದರೆ ಮೇಲಿನ ಲೋಡು ಒಂದು ಗೇಣು ಸರಿಯುತ್ತದೆ. ಆಮೇಲೆ ಒಂದೊಂದೇ ಗುಂಪು ಲೋಡಿನ ಅಡಿಯಿಂದ ಕಳ್ಳನ ಹಾಗೆ ಮುಂದಕ್ಕೆ ಮರಳುತ್ತದೆ. ಆಗ ಉಳಿದೆರಡು ಲೋಡನ್ನು ಹಿಡಿದು ನಿಂತಿರುತ್ತವೆ. ಯಂತ್ರದ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಕಿವಿಯಿಂದ ಕಲಿತೆ: ಒಂದು ಉದ್ದದ ಸದ್ದು, ಮೂರು ಗಿಡ್ಡ. ಮೊದಲು ಹಿಂದಿನ ಬಾಗಿಲು ತೆರೆಯಬೇಕು, ತೆರೆಯುವಾಗ ಪಕ್ಕಕ್ಕೆ ನಿಲ್ಲಬೇಕು. ಹಿಂದೆ ರಾಶಿ ಬೆಳೆದಂತೆ ಗಾಡಿಯನ್ನು ನಿಧಾನ ಮುಂದೆ ಬಿಡಬೇಕು.

ಕೊನೆಯ ಪಾಠ ಒಳಗಿನ ತಾಡಪತ್ರಿ. ಅದರ ಮೇಲಂಚನ್ನು ಟ್ರೇಲರಿನ ಮುಂಗೋಡೆಗೆ ಸಿಕ್ಕಿಸಿರುತ್ತಾರೆ. ಕೆಳಗಿನ ಭಾಗವನ್ನು ಲೋಡು ತುಂಬುವ ಮೊದಲೇ ತಳದ ಮೇಲೆ ಹಾಸಬೇಕು. ಲೋಡು ಹಿಂದಕ್ಕೆ ನಡೆದಂತೆ ಅದೂ ಬೆನ್ನಿಗೆ ನಡೆದು ಒಂದು ಎಳೆಯನ್ನೂ ಬಿಡದೆ ಗುಡಿಸಿಕೊಂಡು ಹೋಗುತ್ತದೆ. ಮಿಸ್ತ್ರಿ ಮಾಡಿ ತೋರಿಸಿದ. “ನೋಡ್ರಿ, ನಾಯಿ ನೆಕ್ಕಿದ ತಾಟ ಇದ್ದಂಗ ಆತು.” ನಾನು ನಕ್ಕೆ. ಆಮೇಲೆ ಆ ಖಾಲಿ ತಳವನ್ನು ನೋಡುತ್ತ ನಿಂತೆ.

ಆ ಅಮಾವಾಸ್ಯೆಗೆ ಹೆಂಡತಿಯ ಜೊತೆ ಮಾವನ ಮನೆಗೆ ಊಟಕ್ಕೆ ಹೋದೆ.

“ಏನಲೇ ಅಳಿಯಾ, ನೆಲಾನ ನಡೀತೈತಂತ?” ಅಂದ ಮಾವ.

“ಹೌದು ಮಾವ.”

“ಹಂಗಾರ ನಿಮ್ಮತ್ತಿನ ಅದರ ಮ್ಯಾಲ ಕುಂದರಸು. ಮಣಕಾಲ ನೋವಂತ ಸವದತ್ತಿ ಗುಡ್ಡಕ್ಕ ಹೋಗದ ವರ್ಷಾತು.”

ಒಳಗಿನಿಂದ ಅತ್ತೆ ಕೂಗಿದಳು: “ನಿಮ್ಮ ನಾಲಿಗಿ ಮಶೀನ ಇಲ್ಲದನ ನಡೀತೈತಲ್ಲ, ಅದರ ಮ್ಯಾಲ ಕುಂತು ಹೋಗತೇನಿ ಬಿಡ್ರಿ!”

ಎಲ್ಲರೂ ನಕ್ಕೆವು. ನಗು ಇಳಿದ ಮೇಲೆ ಮಾವ ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಕೇಳಿದ: “ತಳದಾಗ ಏನರ ಉಳೀತೈತೇನೋ?”

ಸಲಿಕೆಯ ಕೆಲಸ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಅದನ್ನು ಕೇಳಲಿಲ್ಲ. ಕೇಳಿದ್ದು ಇದೊಂದನ್ನೇ.

“ಉಳೀತೈತಿ ಮಾವ,” ಅಂದೆ. “ಗುಡಸಾಕ ನೀ ಬೇಕ ಬೇಕು.”

ಕೊಟ್ಟ ಮಾತು ಸುಳ್ಳಾಗಬಾರದಲ್ಲ. ರಾಮದುರ್ಗದ ಕಡೆಯ ಕಾರ್ಖಾನೆಯಲ್ಲಿ ಮೊದಲ ಲೋಡು ತುಂಬುವ ಮುಂಚೆ ಒಳಗಿನ ತಾಡಪತ್ರಿಯನ್ನು ಸುತ್ತಿ, ಮುಂಗೋಡೆಯ ಮೇಲಕ್ಕೆ ಎತ್ತಿ, ಹಗ್ಗದಿಂದ ಮಾವ ಕಲಿಸಿದ ಗಂಟು ಹಾಕಿ ಕಟ್ಟಿದೆ. ಕಲಿತ ವಿದ್ಯೆಯಲ್ಲಿ ಅದೊಂದನ್ನು ಬೇಕೆಂದೇ ಬಿಟ್ಟೆ.

ಕಿತ್ತೂರಿನ ಅಂಗಳದಲ್ಲಿ ಎರಡು ರಾಶಿಗಳ ನಡುವೆ ಒಂದೇ ಸಲಕ್ಕೆ ಟ್ರೇಲರ್ ಹಿಂದಕ್ಕೆ ಹಾಕಿದೆ. ಹಾಕುತ್ತ ಕನ್ನಡಿಯಲ್ಲಿ ಮಾವನನ್ನು ಹುಡುಕಿದೆ. ಅವನು ಕಸಬರಿಗೆಯನ್ನು ಸ್ವಲ್ಪ ಮೇಲೆತ್ತಿದ; ಶಾಬ್ಬಾಸ್ ಅಂದ ಹಾಗೆ. ಹನ್ನೊಂದು ಮಂದಿ ಅರ್ಧ ದಿನ ಮಾಡುತ್ತಿದ್ದ ಕೆಲಸ ಅವರು ಕೈಕಟ್ಟಿ ನೋಡುತ್ತಿದ್ದಂತೆಯೇ ಮುಗಿದುಹೋಯಿತು.

“ಏನೋ ಡ್ರೈವರಾ, ನಿನ್ನ ಮಶೀನಿಗೆ ಚಾ ಕುಡಿಯೂ ಚಟಾನೂ ಇಲ್ಲೇನು?” ಅಂದ ಒಬ್ಬ. “ಇದ್ರ ನಾವರ ತಂದಕೊಟ್ಟು ಪಗಾರ ತಗೋತಿದ್ವಿ.”

ಯಾರೂ ನಗಲಿಲ್ಲ. ವಾರ ಕಳೆಯುವುದರೊಳಗೆ ಒಂಬತ್ತು ಮಂದಿ ಸುರೇಬಾನದ ಕಡೆ ಕಬ್ಬು ಕಡಿಯಲು ಹೋದರು. ತಳ ಗುಡಿಸಲೆಂದು ಮುಕಾದಮ ಇಬ್ಬರನ್ನು ಉಳಿಸಿಕೊಂಡ. ಒಬ್ಬ ಮಾವ. ತಳದಲ್ಲಿ ಸಿಪ್ಪೆ ಉಳಿಯುತ್ತಿತ್ತು. ಅವನ ಚೀಲ ತುಂಬುತ್ತಿತ್ತು. ನಾನು ಒಳಗೊಳಗೇ ಬೀಗುತ್ತಿದ್ದೆ. ಸಾವಕಾರರ ಯಂತ್ರವನ್ನೂ ನಡೆಸಿದೆ, ಮಾವನ ಹಕ್ಕನ್ನೂ ಉಳಿಸಿದೆ ಎಂದು.

ಟ್ರೇಲರ್ ಖಾಲಿ ಮರಳುವುದೇಕೆ ಎಂದು ಸಾವಕಾರರು ಒಂದು ದಿನ ದೊಡವಾಡದಲ್ಲಿ ಗೋವಿನಜೋಳ ತುಂಬಿಸಿ ದನದ ಆಹಾರ ಮಾಡುವ ಫ್ಯಾಕ್ಟರಿಗೆ ಕಳಿಸಿದರು. ಕಸಬರಿಗೆ ಮುಟ್ಟದ ಮುಂಗೋಡೆಯ ಬುಡದಲ್ಲಿ ಹಳೆಯ ಸಿಪ್ಪೆ ಹಸಿಯಾಗಿ, ಕಪ್ಪಾಗಿ ಕೂತಿತ್ತು. ಅದು ಕಾಳಿನ ಜೊತೆ ಕಲೆತು ಹೊರಬಂತು. ಫ್ಯಾಕ್ಟರಿಯವರು ಒಂದು ಹಿಡಿ ಮೂಸಿ ನೋಡಿ ಪೂರಾ ಲೋಡು ವಾಪಸ್ ಮಾಡಿದರು.

ಅದಾಗಿ ಎರಡನೇ ದಿನ ನಾನು ಕಿತ್ತೂರಿನಲ್ಲಿ ಬಗ್ಯಾಸ ಇಳಿಸಿ ಮುಗಿಸಿದ ಹೊತ್ತಿಗೆ ಸಾವಕಾರರು ತಾವೇ ಬಂದರು. ಮುಕಾದಮನ ಜೊತೆ ಟ್ರೇಲರ್ ಹತ್ತಿದರು. ಒಳಗೆ ಮಾವ ಗುಡಿಸುತ್ತಿದ್ದ.

“ಈ ತಾಡಪತ್ರಿ ಮ್ಯಾಲ ಕಟ್ಟಿದವರ ಯಾರು?” ಅಂದರು ಸಾವಕಾರರು.

ನಾನು ಬಾಯಿ ತೆರೆದೆ. ಆ ಬಾಯಿಂದ ಖರೇ ಬರುತ್ತಿತ್ತೋ ಸುಳ್ಳು ಬರುತ್ತಿತ್ತೋ, ಇವತ್ತಿಗೂ ಹೇಳಲಾರೆ.

“ಇದು ಡ್ರೈವರ್ ಹಾಕೂ ಗಂಟ್ರಿ,” ಎಂದು ಮುಕಾದಮ ಹಗ್ಗ ಮುಟ್ಟಿ ತೋರಿಸಿದ.

“ನಂದ್ರೀ ಆ ಗಂಟು,” ಅಂದ ಮಾವ. “ಅಂವಗ ಕಲಿಸಿದಾಂವನ ನಾನು. ಗುಡಿಸಿದ ಮ್ಯಾಲ ನಾನ ಎತ್ತಿ ಕಟ್ಟಿ ಕಳಸ್ತಿದ್ದೆ. ಎರಡ ಬುಟ್ಟಿ ಜಾಸ್ತಿ ಸಿಗತೈತಂತ.”

ಸಾವಕಾರರು ನನ್ನ ಕಡೆ ತಿರುಗಿದರು. “ನೀ ನೋಡಲಿಲ್ಲೇನು?”

“ಅಂವಾ ಏನ ನೋಡತಾನ್ರಿ?” ಮಾವನೇ ನಡುವೆ ಬಂದ. “ಸ್ಟೇರಿಂಗ ಕೈಯಾಗ ಸಿಕ್ಕರ ಹೆಂಡ್ತಿ ಮಾರೀನೂ ನೋಡೂದಿಲ್ಲ. ನನ್ನ ಮಗಳನ್ನ ಕೇಳ್ರಿ ಬೇಕಾರ.”

ಮುಕಾದಮ ನಕ್ಕ. ಸಾವಕಾರರೂ ನಕ್ಕರು. ನಾನೂ ನಕ್ಕೆ. ಮಾವನ ವಿರುದ್ಧ ನಾನು ಹೇಳಿದ ಸಾಕ್ಷಿ ಅಂದರೆ ಆ ನಗು.

“ನಾಳಿಂದ ಈ ಅಂಗಳದಾಗ ಕಾಲಿಡಬ್ಯಾಡ,” ಅಂದರು ಸಾವಕಾರರು. ಮಾವ ಅರ್ಧ ತುಂಬಿದ್ದ ಚೀಲವನ್ನು ಕೆಳಗಿನ ರಾಶಿಯ ಮೇಲೆ ಸುರುವಿದ, ಚೀಲ ಝಾಡಿಸಿ ನಾಲ್ಕು ಮಡಿಕೆ ಮಡಚಿದ, ಗೇಟಿನ ಕಡೆ ನಡೆದ. ಟವೆಲ್ ಇನ್ನೂ ಮೂಗಿಗೆ ಕಟ್ಟಿಯೇ ಇತ್ತು. ಕೂಗಿ ನಿಲ್ಲಿಸಬಹುದಿತ್ತು. ನನ್ನ ಕೈ ರಿಮೋಟಿನ ಮೇಲಿತ್ತು.

ಮನೆಯಲ್ಲಿ ಹೆಂಡತಿ ಒಂದೇ ಸಲ ಕೇಳಿದಳು. “ಅಪ್ಪ ಕಟ್ಟಿದ್ದೇನ್ರಿ ಅದು?” ನಾನು ಚಹಾ ಕೇಳಿದೆ. ಚಹಾ ಮಾಡಿ ತಂದಿಟ್ಟು ಎದ್ದು ಹೋದಳು.

ಎಂಟು ದಿನದ ಮೇಲೆ ಕಾರ್ಖಾನೆಯಲ್ಲಿ ಪರಿಚಯದವರನ್ನು ಕೇಳಿ ಒಂದು ದೊಡ್ಡ ಚೀಲ ಒಣ ಬಗ್ಯಾಸ ತುಂಬಿಸಿಕೊಂಡು ಮಾವನ ಮನೆಗೆ ಒಯ್ದೆ. ಅವನು ಕಟ್ಟೆಯ ಮೇಲೆ ಕೂತಿದ್ದ.

“ಏನದು?”

“ಒಲಿಗೆ, ಮಾವ.”

“ಗುಡಿಸಿದ್ದೇನು?”

“ಅಲ್ಲ. ಕೇಳಿ ತಂದೇನಿ.”

“ಹಂಗಾರ ಒಯ್ಯಿ. ನಾವು ಬೇಡಿ ತಂದದ್ದನ್ನ ಒಲಿಗೆ ಹಾಕಿದ ಮಂದಿ ಅಲ್ಲ.” ನಾನು ಚೀಲ ಎತ್ತಿಕೊಳ್ಳುವಾಗ ಮತ್ತೆ ಅಂದ: “ಗಂಟ ಹಾಕಿದ್ದಕ್ಕ ನನಗ ಸಿಟ್ಟಿಲ್ಲ. ನಗಬಾರದಿತ್ತು ನೀ.”

ಚೀಲ ಹೊತ್ತು ಮರಳಿ ಬಂದೆ. ಅದು ಎಷ್ಟೋ ದಿನ ನಮ್ಮ ಹಿತ್ತಲ ಬಾಗಿಲಲ್ಲಿ ಬಿದ್ದಿತ್ತು. ಹೆಂಡತಿ ಅದರ ಒಂದು ಹಿಡಿಯನ್ನೂ ಒಲೆಗೆ ಹಾಕಲಿಲ್ಲ.

ಈಗ ಅಂಥ ಟ್ರೇಲರ್ ಮೂರಾಗಿವೆ. ಅಂದು ನೆಲ ನೋಡಿದವರಲ್ಲಿ ಇಬ್ಬರಿಗೆ ನಾನೇ ಕಲಿಸಿದೆ. ತಾಡಪತ್ರಿ ಮೊದಲು ಹಾಸ್ರಿ, ಉಳಿದದ್ದು ಆಮೇಲೆ ಎಂದು ಹೇಳುತ್ತೇನೆ. ತಳ ನಾಯಿ ನೆಕ್ಕಿದ ತಾಟಿನ ಹಾಗೆ ಇರುತ್ತದೆ. ಸಾವಕಾರರು ನಾಲ್ಕು ಜನರ ಮುಂದೆ ನನ್ನನ್ನು ಹೊಗಳುತ್ತಾರೆ. ಮಾವ ಮದುವೆ ಮುಂಜಿವೆಗಳಲ್ಲಿ ಸಿಗುತ್ತಾನೆ, ಎಲ್ಲರ ಜೊತೆ ಚಾಷ್ಟಿ ಮಾಡಿ ನಗಿಸುತ್ತಾನೆ, ನನ್ನ ಜೊತೆ ಮಾಡುವುದಿಲ್ಲ.

ಲೋಡಿನ ಮೇಲೆ ತಾಡಪತ್ರಿ ಬಿಗಿಯುವಾಗ ಒಮ್ಮೆ ಬೇರೆ ಗಂಟು ಹಾಕಿ ನೋಡಿದೆ. ಸವದತ್ತಿ ಗುಡ್ಡದ ತಿರುವಿನಲ್ಲಿ ಸಡಿಲಾಗಿ ಪಟಪಟ ಹೊಡೆದುಕೊಳ್ಳತೊಡಗಿತು. ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಬಿಚ್ಚಿ, ಮತ್ತೆ ಅವನದೇ ಹಾಕಿದೆ.