ಬೈಕುಲ್ಲಾದ ಗಿರಣಿಯಲ್ಲಿ ಯಂತ್ರದ ತೀರ್ಪು

ಪುಣೆಯಲ್ಲಿ ಗಾಡಿ ಬದಲಿಸಿ, ಮೂರನೆಯ ದರ್ಜೆಯ ಡಬ್ಬಿಯಲ್ಲಿ ನಿಂತುಕೊಂಡೇ ಘಟ್ಟ ಇಳಿದು, ಭಾನುವಾರ ಬೆಳಿಗ್ಗೆ ದಾದರ ತಲುಪಿದೆ. ಧಾರವಾಡದಿಂದ ನಾನು ಹೊರಟದ್ದು ಮುಂಬಯಿ ನೋಡಲಿಕ್ಕಲ್ಲ. ಒಂದು ಯಂತ್ರವನ್ನು ನೋಡಿ ಅದರ ಒಡೆಯರಿಂದ ಉತ್ತರ ಪಡೆಯಲಿಕ್ಕೆ. ಬೈಕುಲ್ಲಾದ ಗಿರಣಿಯಲ್ಲಿ ನೇಕಾರನಾಗಿರುವ ನಮ್ಮೂರ ಭೀಮಪ್ಪ ಹೇಳಿಕಳಿಸಿದ್ದ: ತನ್ನ ಗೆಳೆಯ, ಮಂಗಳೂರು ಕಡೆಯ ಪಾಸ್ಕಲ್‌ನನ್ನು ಯಂತ್ರವೊಂದು ಕೆಲಸದಿಂದ ತೆಗೆದಿದೆ, ಬಂದು ಕೇಳು ಎಂದು. (ಇಲ್ಲಿ ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.)

ಭೀಮಪ್ಪ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಿದ. “ಇಷ್ಟು ಇಂಗ್ಲಿಷ್ ಕಲ್ತು ಊರಾಗ ಎಮ್ಮಿ ಮುಂದ ಮಾತಾಡ್ತೀಯೇನು ತಮ್ಮಾ? ಸಾಹೇಬನ ಮುಂದ ಬಿಡು!” ಎಂದ. ಮಳೆ ನಿಂತು ಸೆಕೆ ಏರಿತ್ತು. ಬೆವರುತ್ತ ಲೋಕಲ್ ಹಿಡಿದು ಬೈಕುಲ್ಲಾ ಸೇರಿ, ಅವನ ಚಾಳಿನ ಕೋಣೆಯಲ್ಲಿ ಉಳಿದೆ.

ಸೋಮವಾರ ಬೆಳಿಗ್ಗೆ ಭೀಮಪ್ಪ ಮೊದಲ ಪಾಳಿಗೆ ಹೋದ ಮೇಲೆ ಪಾಸ್ಕಲ್ ನನ್ನನ್ನು ಗಿರಣಿಯ ಆಫೀಸಿಗೆ ಕರೆದೊಯ್ದ. ಗಿರಣಿಯ ಹೊಸ ನಿಯಮದಂತೆ, ಎರಡು ಮಗ್ಗ ನಡೆಸುತ್ತಿದ್ದವರು ಇನ್ನು ನಾಲ್ಕು ನಡೆಸಬೇಕು, ಉಳಿದವರು ಮನೆಗೆ. ಯಾರು ಉಳಿದವರು ಎಂಬುದನ್ನು ಹಿಂದೆ ಜಾಬರ, ಅಂದರೆ ಮೇಸ್ತ್ರಿ, ನಿರ್ಧರಿಸುತ್ತಿದ್ದ. ಈಗ ಪ್ರತಿ ದಿನದ ನೆಯ್ಗೆಯನ್ನು ಕಾರ್ಡಿನಲ್ಲಿ ತೂತು ಹಾಕಿ ದಾಖಲಿಸುತ್ತಾರೆ. ಯಂತ್ರ ಅವುಗಳನ್ನು ಓದಿ, ನೆಯ್ಗೆ ಕೆಟ್ಟವರ ಕಾರ್ಡುಗಳನ್ನು ಬೇರ್ಪಡಿಸುತ್ತದೆ. ಅವರೇ ಮನೆಗೆ.

ದಾರಿಯಲ್ಲಿ ಪಾಸ್ಕಲ್ ನಿಂತ. “ಒಂದು ವಿಷಯ ಭೀಮಪ್ಪನಿಗೆ ಗೊತ್ತಿಲ್ಲ. ನೀವೂ ಹೇಳ್ಬಾರ್ದು, ಆಯ್ತಾ?”

ಪಾಸ್ಕಲ್‌ನದು ಎರಡನೆಯ ಪಾಳಿ. ಪ್ರತಿ ವರ್ಷ ಕ್ರೈಸ್ತರ ತೆನೆ ಹಬ್ಬದ ದಿನ ಭೀಮಪ್ಪ ತನ್ನ ಪಾಳಿ ಮುಗಿಸಿ, ಪಾಸ್ಕಲ್‌ನ ಹಾಜರಿಯ ಹಿತ್ತಾಳೆ ಬಿಲ್ಲೆಯನ್ನು ಗೇಟಿನಲ್ಲಿ ಹಾಕಿ, ಅವನ ಮಗ್ಗವನ್ನೂ ನಡೆಸುತ್ತಿದ್ದ. ಚೌತಿಯಂದು ಪಾಸ್ಕಲ್ ಆ ಋಣ ತೀರಿಸುತ್ತಿದ್ದ. ಜಾಬರ ಕಂಡೂ ಕಾಣದಂತಿದ್ದ. ಈ ಮಳೆಗಾಲದಲ್ಲಿ ಪಾಸ್ಕಲ್‌ನ ಹೆಂಡತಿ ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ಭೀಮಪ್ಪ ಎರಡು ಪಾಳಿ ದುಡಿದಿದ್ದ.

“ಅಷ್ಟು ದುಡಿದ ಮೇಲೆ ಯಾರ ಕೈ ಓಡ್ತದೆ ಮಾರಾಯ್ರೆ? ನೂಲು ಕಡೀತದೆ. ಆ ಹಾಳಾದ ಬಟ್ಟೆಯೆಲ್ಲ ನನ್ನ ಕಾರ್ಡಿಗೆ ಬಿದ್ದದ್ದು. ಅದಕ್ಕೇ ನನ್ನನ್ನು ತೆಗೆದದ್ದು ಅಂತ ಅವನಿಗೆ ಗೊತ್ತಿಲ್ಲ.”

“ಹಾಗಾದರೆ ಸತ್ಯ ಹೇಳೋಣ!”

“ಹೇಳಿ. ನನ್ನ ಬಿಲ್ಲೆ ಹಾಕಿದ್ದಕ್ಕೆ ಅವನೂ ಹೊರಗೆ ಬರ್ತಾನೆ.”

ಪತ್ರಿಕೆಗಳು ‘ಮೆದುಳು’ ಎಂದು ಹೊಗಳುವ ಆ ಯಂತ್ರ ಕಪಾಟಿನಂತಿತ್ತು. ಕಾರ್ಡುಗಳು ಪಟಪಟನೆ ಖಾನೆಗಳಿಗೆ ಬೀಳುತ್ತಿದ್ದವು. ನಾನು ಅಧಿಕಾರಿಯನ್ನು ಕೇಳಿದೆ: “ಒಬ್ಬನ ಅನ್ನ ಕಿತ್ತುಕೊಂಡ ಈ ತೀರ್ಪಿಗೆ ಹೊಣೆ ಯಾರು? ಹೆಸರು ಹೇಳಿ.”

ಆತ ಸಿಟ್ಟಾಗಲಿಲ್ಲ. “ಜಾಬರ ಲಂಚ ತಿನ್ನುತ್ತಾನೆಂದು ಕೂಗಿದವರು ನಿಮ್ಮ ಕಾರ್ಮಿಕರೇ. ಇದು ತಿನ್ನುವುದಿಲ್ಲ. ಯಾವ ದಿನದ ಕಾರ್ಡು ತಪ್ಪೆಂದು ಇವರು ತೋರಿಸಲಿ, ಇಂದೇ ಒಳಗೆ ತೆಗೆದುಕೊಳ್ಳುತ್ತೇನೆ,” ಎಂದ.

ಪಾಸ್ಕಲ್ ಕಾರ್ಡುಗಳನ್ನು ಮುಟ್ಟಲೂ ಇಲ್ಲ. “ಎಲ್ಲ ಸರಿ ಉಂಟು ಸಾಹೇಬ್ರೆ.”

ಲೆಕ್ಕ ತಪ್ಪಿರಲಿಲ್ಲ, ಆದರೂ ಅಲ್ಲಿ ನಡೆದದ್ದು ಅನ್ಯಾಯವೇ. ಅಥವಾ ಹಾಗೆಂದು ನಾನು ಹಟ ಹಿಡಿದಿದ್ದೆನೋ?

ಮಧ್ಯಾಹ್ನ ಪಾಸ್ಕಲ್ ನನ್ನನ್ನು ತನ್ನ ಇಗರ್ಜಿಯ ಪಾದ್ರಿಗಳ ಬಳಿ ಬಿಟ್ಟು ಹೋದ. ಅವರಿಗೆ ಎಲ್ಲವೂ ಗೊತ್ತಿತ್ತು. “ಮನುಷ್ಯನಲ್ಲಿ ದೇವರ ರೂಪ ಉಂಟು. ಅದನ್ನು ಗಜದಲ್ಲಿ ಅಳೆಯಲಿಕ್ಕೆ ಬರುವುದಿಲ್ಲ. ಅಳೆದವನು ಯಂತ್ರದ ಹಿಂದೆ ಅಡಗಬಾರದು,” ಎಂದರು.

“ಇನ್ನೊಬ್ಬನ ಬಿಲ್ಲೆಯ ಹಿಂದೆ ಅಡಗಬಹುದೇ, ಫಾದರ್?”

“ಅದು ಸುಳ್ಳು. ನಾನೇ ಅವನಿಗೆ ಹೇಳಿದ್ದೇನೆ.”

“ಹಾಗಾದರೆ ಈಗ ಸತ್ಯ ಹೇಳೆಂದು ಆಜ್ಞಾಪಿಸಿ.”

ಪಾದ್ರಿಗಳು ಕನ್ನಡಕ ತೆಗೆದು ನಿಲುವಂಗಿಯಲ್ಲಿ ಒರೆಸಿದರು. “ಭೀಮಪ್ಪನಿಗೆ ಮಕ್ಕಳೆಷ್ಟು ಗೊತ್ತುಂಟಾ ನಿಮಗೆ? ನನ್ನನ್ನು ಯಾಕೆ ಕಾಡ್ತೀರಿ ಮಾರಾಯ್ರೆ, ನನಗೂ ನಿದ್ದೆ ಇಲ್ಲ.”

ಉತ್ತರ ಕೇಳಲು ಬಂದವನು ಹೀಗೆ ಇನ್ನಷ್ಟು ಪ್ರಶ್ನೆಗಳನ್ನು ಹೊತ್ತು ಸಂಜೆಯ ಗಾಡಿ ಹತ್ತಿದೆ. ಪಾಳಿ ಮುಗಿಸಿದ ಭೀಮಪ್ಪ ಕೂದಲಲ್ಲಿ ಹತ್ತಿಯ ಎಳೆ ಅಂಟಿಕೊಂಡಿದ್ದ ಹಾಗೆಯೇ ಓಡಿಬಂದು ಕಿಟಕಿಯ ಸರಳು ಹಿಡಿದ.

“ಅಂವ ಸಾಹೇಬನ ಮುಂದ ಸುಮ್ಮನ ನಿಂತನಂತಲ್ಲ! ಹೇಡಿ! ನಾ ಆಗಿದ್ರ ಆ ಕಾರ್ಡ್ ಹರದು ಮಾರಿಮ್ಯಾಲ ಒಗೀತಿದ್ದೆ.” ಉಸಿರು ತೆಗೆದುಕೊಂಡು ಕೇಳಿದ: “ಯಾವ ದಿವಸದ ಕಾರ್ಡ್ ಕೆಟ್ಟಿದ್ವು? ಕೇಳಿದೇನು?”

“ಇಲ್ಲ,” ಎಂದೆ.

ಗಾಡಿ ಕದಲಿತು. “ಅಷ್ಟೂ ಕೇಳಲಿಲ್ಲೇನ? ಎಂಥಾ ಮಂದಿ ನೀವು!” ಎನ್ನುತ್ತ ಆತ ಸರಳು ಬಿಟ್ಟ. ತಿರುಗಿ ನೋಡಿದಾಗ ಪ್ಲಾಟ್‌ಫಾರ್ಮಿನ ಜನರ ನಡುವೆ ಇನ್ನೂ ನಿಂತಿದ್ದ, ಪಾಸ್ಕಲ್‌ನ ಮೇಲೂ ನನ್ನ ಮೇಲೂ ಸಿಟ್ಟಾಗಿ.